ಒಂದೇ ಬಿಲ್ಲಾ

ಪಾಳಿ ಮುಗಿಸಿ ಬಂದ ಸಾಬಣ್ಣ ಕಿಂಡಿಯೊಳಗೆ ಕೈ ಚಾಚಿ ನಂಬರು ಕೊರೆದ ಹಿತ್ತಾಳೆಯ ಬಿಲ್ಲಾ ಇಟ್ಟ. ಒಳಗೆ ಕುಳಿತಿದ್ದ ಹಾಜರಿ ಗುಮಾಸ್ತ ಗುಲಾಮ್ ರಸೂಲ್ ಅದನ್ನು ಎಂದಿನಂತೆ ಹಲಗೆಯ ಮೊಳೆಗೆ ತೂಗುಹಾಕಲಿಲ್ಲ. ಕಾಲ ಬಳಿಯಿದ್ದ ಖಾಲಿ ಸಿಮೆಂಟ್ ಚೀಲದೊಳಗೆ ಬಿಟ್ಟ. ಆಗಲೇ ಬಿದ್ದಿದ್ದ ಬಿಲ್ಲಾಗಳ ಮೇಲೆ ಅದು ಠಣ್ಣೆಂದು ಬಿತ್ತು.

"ಯಾಕ್ರಿ ಸಾಹೇಬ್ರ, ನಂದು ಮೊಳಿಗೆ ಹಾಕಲಿಲ್ಲ?"

"ಇನ್ನ ಮ್ಯಾಲ ಯಾರದೂ ಹಾಕಂಗಿಲ್ಲ. ಬಗ್ಗು ಇಲ್ಲಿ."

ಸಾಬಣ್ಣ ಬಗ್ಗಿದ. ಹಾಜರಿ ಆಫೀಸಿನ ಆ ಕಿಂಡಿಯನ್ನು ಯಾವ ಪುಣ್ಯಾತ್ಮ ಕೊರೆಸಿದ್ದನೋ, ಆಳಿನ ಸೊಂಟದ ಎತ್ತರಕ್ಕಿತ್ತು. ಒಳಗಿದ್ದವನಿಗೆ ಹೊರಗಿನವರ ಮುಖ ಕಾಣುತ್ತಿರಲಿಲ್ಲ, ಕೈಯಷ್ಟೇ ಕಾಣುತ್ತಿತ್ತು. ಕೈ ಬಂತು, ಬಿಲ್ಲಾ ಕೊಟ್ಟಿತು, ಹಾಜರಿ ಬಿತ್ತು. ಗುಲಾಮ್ ರಸೂಲನ ಅರ್ಧ ಆಯುಷ್ಯ ಹಾಗೆ ಕೈಗಳನ್ನು ನೋಡುವುದರಲ್ಲೇ ಕಳೆದಿತ್ತು.

"ನಾಳಿ ಮುಂಜಾನಿ ಎಲ್ಲಾರದೂ ಫೋಟೋ ತಗೀತಾರ. ಕಂಪ್ಯೂಟರ್ ಕಾರ್ಡ್ ಕೊಡ್ತಾರ. ಕಾರ್ಡ್ ಇದ್ದಾಂವಗ ಗೇಟು, ಇಲ್ಲದಾಂವಗ ರಸ್ತಾ. ನೀವಿಬ್ಬರೂ ಮನ್ಯಾಗ ಕುಂತು ಮಾತಾಡ್ರಿ. ಒಬ್ಬನೇ ಬರ್ರಿ."

"ಒಬ್ಬ ಅಂದ್ರ ಯಾಂವ?"

"ಅದನ್ನ ನನಗ ಕೇಳಬ್ಯಾಡ ಬೇಟಾ. ಮಿಷಿನ್ನಿಗೆ ಎಲ್ಲಾ ತಿನಿಸಿ ಮುಗಿಸ್ಯಾರ. ಜಟ್ಟೆಪ್ಪ, ಬಿಲ್ಲಾ ನಾನೂರ ಹನ್ನೊಂದು, ಎಡಗೈಯಾಗ ಎರಡು ಬೆರಳ ಇಲ್ಲ. ಇಷ್ಟು ಅದಕ್ಕ ಗೊತ್ತದ."

ಸಾಬಣ್ಣ ತನ್ನ ಎಡಗೈ ಹಿಂದಕ್ಕೆಳೆದುಕೊಂಡ. ಕಿರುಬೆರಳು, ಅದರ ಪಕ್ಕದ ಬೆರಳು ಬುಡದಲ್ಲೇ ಮೊಂಡಾಗಿದ್ದ ಕೈ ಅದು. ಆದರೆ ಜಟ್ಟೆಪ್ಪ ಅವನಲ್ಲ, ಅವನ ಅಣ್ಣ. ಅಣ್ಣನ ಹತ್ತು ಬೆರಳೂ ನೆಟ್ಟಗಿದ್ದವು.

"ಮತ್ತ ನಿಮ್ಮನ್ನ ಏನು ಮಾಡ್ತಾರ್ರಿ?" ಎಂದು ಕೇಳಿದ, ಬೇರೇನೂ ತೋಚದೆ.

"ಕ್ಯಾಂಟೀನಿನ್ಯಾಗ ಚಾದ ಕೂಪನ್ ಹರೀಲಾಕ ಹಾಕ್ಯಾರ." ಗುಲಾಮ್ ರಸೂಲ್ ಮುಂದಿನ ಕೈಗಾಗಿ ಕಿಂಡಿಯತ್ತ ನೋಡಿದ. "ಹಿಂದ ಮಂದಿ ನಿಂತದ, ಸರಿ."

ವಾಡಿಯ ಆಚೆ ಕಾಗಿಣಾ ಹೊಳೆಯ ದಂಡೆಯಲ್ಲಿ ಅವರ ಊರು. ಅಪ್ಪ ಬಿಟ್ಟುಹೋದ ಹರಿಗೋಲು ಒಂದಿತ್ತು. ಹೊಳೆ ತುಂಬಿದಾಗ ಮಂದಿಯನ್ನು ದಾಟಿಸುವ ಕೈಚಳಕ ಜಟ್ಟೆಪ್ಪನಿಗಿತ್ತೇ ಹೊರತು ಸಾಬಣ್ಣನಿಗಿರಲಿಲ್ಲ. ಹೀಗಾಗಿ ಫ್ಯಾಕ್ಟರಿಯಲ್ಲಿ ಜಟ್ಟೆಪ್ಪನ ಹೆಸರು ಹತ್ತಿದ ಮೇಲೆ, ಮಳೆ ಶುರುವಾಯಿತೆಂದರೆ ಅಣ್ಣ ಬಿಲ್ಲಾ ತಮ್ಮನ ಕೈಗೆ ಕೊಟ್ಟು ಹೊಳೆಗೆ ಇಳಿಯುತ್ತಿದ್ದ. ತಮ್ಮ ಜಟ್ಟೆಪ್ಪನಾಗಿ ಕಲ್ಲು ಒಡೆಯುವ ಮಿಷಿನ್ನಿನ ಬಾಯಿಗೆ ಹೋಗಿ ನಿಲ್ಲುತ್ತಿದ್ದ. ಇದು ಕಳ್ಳತನವೆಂದು ಯಾರಿಗೂ ಅನ್ನಿಸಿರಲಿಲ್ಲ. ದಂಡೆಯ ಊರುಗಳಲ್ಲಿ ಒಂದು ಬಿಲ್ಲಾಕ್ಕೆ ಅಪ್ಪ ಮಗ, ಅಳಿಯ ಮಾವ ಹೀಗೆ ಇಬ್ಬಿಬ್ಬರು ದುಡಿಯುವುದು ರೂಢಿ. ಫೋರ್‌ಮನ್‌ಗೂ ಗೊತ್ತು, ಗುಲಾಮ್ ರಸೂಲನಿಗೂ ಗೊತ್ತು. ಕಲ್ಲಿಗೆ ಬೇಕಾದದ್ದು ಎರಡು ಕೈ. ಅವು ಯಾರವೆಂದು ಕಲ್ಲು ಕೇಳುತ್ತದೆಯೇ?

ಹೊಳೆಗೆ ಪೂಲು ಕಟ್ಟಿದರು. ಪೂಲಿನ ಮೇಲೆ ಬಸ್ಸು ಓಡತೊಡಗಿದ ದಿನದಿಂದ ಹರಿಗೋಲು ದಂಡೆಯಲ್ಲಿ ಬೋರಲು ಬಿತ್ತು. ಅದರಡಿ ಜಟ್ಟೆಪ್ಪನ ಹೆಂಡತಿ ಶಿವಕಾಂತಮ್ಮ ಕೋಳಿ ಮುಚ್ಚತೊಡಗಿದಳು. ಆಮೇಲೆ ಅಣ್ಣತಮ್ಮಂದಿರು ಒಂದು ವಾರ ಅವನು, ಒಂದು ವಾರ ಇವನು ಎಂದು ಬಿಲ್ಲಾ ಹಂಚಿಕೊಂಡರು. ಸಾಬಣ್ಣನ ಒಂದು ವಾರದಲ್ಲಿ ಮಿಷಿನ್ನಿನ ಪಟ್ಟಾ ಅವನ ಎರಡು ಬೆರಳು ಎಳೆದುಕೊಂಡಿತು. ದವಾಖಾನೆಯಲ್ಲಿ ಡಾಕ್ಟರರು ಹೆಸರು ಕೇಳಿದಾಗ, ರಕ್ತ ಸೋರುವ ಕೈ ಹಿಡಿದುಕೊಂಡೇ ಅವನು "ಜಟ್ಟೆಪ್ಪ" ಎಂದಿದ್ದ. ಅದುವರೆಗೂ ಆ ನೌಕರಿ ಇಂದು ಇದ್ದರೆ ನಾಳೆ ಇಲ್ಲ ಎನ್ನುವಂಥದು. ಬೆರಳು ಹೋದ ಮೇಲೆ ಯೂನಿಯನ್‌ನವರು ಜಗಳಾಡಿ ಜಟ್ಟೆಪ್ಪನನ್ನು ಕಾಯಂ ಮಾಡಿಸಿದರು. ಅಣ್ಣನ ಹೆಸರು, ತಮ್ಮನ ಬೆರಳು. ಎರಡೂ ಕೂಡಿ ಒಂದು ನೌಕರಿ.

ಈ ವರ್ಷ ಆಫೀಸಿನ ಮಹಡಿಯ ಮೇಲೆ ಗಾಜಿನ ಖೋಲಿ ಎದ್ದಿತ್ತು. ಹೊರಗೆ ಬಟ್ಟಿಯ ಝಳಕ್ಕೆ ಆಳುಗಳ ಮೈ ಸುಟ್ಟು ಹೋಗುತ್ತಿದ್ದರೆ ಆ ಖೋಲಿಯಲ್ಲಿ ಕಂಪ್ಯೂಟರಿಗೆ ಹಗಲೂ ರಾತ್ರಿ ತಂಪು ಗಾಳಿ. ಒಳಗೆ ಹೋಗುವವರು ಗುಡಿಗೆ ಹೋದಂತೆ ಚಪ್ಪಲಿ ಬಿಡಬೇಕು. ಮೊದಮೊದಲು ಯೂನಿಯನ್‌ನವರು ಕೆಂಪು ಬಾವುಟ ಹಿಡಿದು ಕೂಗಿದರು. ಹೆಸರಿದ್ದವರಲ್ಲಿ ಒಬ್ಬರನ್ನೂ ತೆಗೆಯುವುದಿಲ್ಲ ಎಂದು ಮ್ಯಾನೇಜರ್ ಮಾತು ಕೊಟ್ಟ. ಲೀಡರ್ ಹಾರ ಹಾಕಿಸಿಕೊಂಡು ಪೇಢೆ ತಿಂದ. ಹೆಸರಿಲ್ಲದೆ ಬರೀ ಕೈ ಇದ್ದವರ ಸುದ್ದಿಯನ್ನು ಯಾವ ಮಗನೂ ಎತ್ತಲಿಲ್ಲ.

ಸಂಜೆ ಮನೆ ಮುಟ್ಟಿದಾಗ ಜಟ್ಟೆಪ್ಪ ಹರಿಗೋಲಿನ ಬೆನ್ನ ಮೇಲೆ ಕುಳಿತು ಮೀನಿನ ಬಲೆ ಸರಿಪಡಿಸುತ್ತಿದ್ದ. ನಾಳೆಯಿಂದ ಅವನ ವಾರ. ಒಂದೇ ಇದ್ದ ಬಿಳಿ ಅಂಗಿಯನ್ನು ಶಿವಕಾಂತಮ್ಮ ಒಗೆದು ಬೇಲಿಗೆ ಹಾಕಿದ್ದಳು. ಅಂದರೆ ಫೋಟೋದ ಸುದ್ದಿ ಸಾಬಣ್ಣನಿಗಿಂತ ಮೊದಲೇ ಮನೆಗೆ ಬಂದಿತ್ತು. ಅದನ್ನು ನೋಡಿಯೇ ಅವನ ನೆತ್ತಿಗೆ ಬೆಂಕಿ ಹತ್ತಿತು. ಗುಲಾಮ್ ರಸೂಲ್ ಹೇಳಿದ್ದನ್ನೆಲ್ಲ ನಿಂತಲ್ಲೇ ಒದರಿದ. ಜಟ್ಟೆಪ್ಪ ತಲೆ ಎತ್ತಲಿಲ್ಲ. ದಾರವನ್ನು ಹಲ್ಲಿನಿಂದ ಕಡಿದು ಬಲೆಯ ಇನ್ನೊಂದು ಕಣ್ಣು ಹೆಣೆದ.

"ಫೋಟೋಕ್ಕ ಕೂಡಾಂವ ನಾನೇ," ಎಂದ ಸಾಬಣ್ಣ. "ಬೆರಳ ನಂದು ಹೋಗ್ಯಾವ."

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಶಿವಕಾಂತಮ್ಮನ ಕೈ ನಿಂತಿತು. "ಹೆಸರ ಯಾರದು? ನೀ ಜಟ್ಟೆಪ್ಪ ಆದರ ನಾ ಯಾರ ಹೆಣ್ತಿ? ಫ್ಯಾಕ್ಟರಿ ದವಾಖಾನ್ಯಾಗ ಜಟ್ಟೆಪ್ಪನ ಹೆಣ್ತಿ ಶಿವಕಾಂತಮ್ಮ ಅಂತ ಬರದಾರ. ನಾಳಿ ಜ್ವರ ಬಂದು ಹೋದರ ಗಂಡ ಅಂತ ಯಾರ ಮಾರಿ ತೋರಸ್ಲಿ?"

"ನನಗ ಹೆಣ್ತೀನೇ ಇಲ್ಲಲ್ಲ ವೈನಿ. ಅದೂ ಈ ಹೆಸರಿನ ಸಲುವಾಗೇ."

ಅದು ಸುಳ್ಳಲ್ಲ. ಸುಲೇಪೇಟದಿಂದ ಹೆಣ್ಣಿನ ಅಪ್ಪ ಬಂದು, ಹುಡುಗ ದುಡಿಯುವ ಜಾಗ ನೋಡಿಕೊಂಡು ಹೋಗೋಣವೆಂದು ನೆಟ್ಟಗೆ ಫ್ಯಾಕ್ಟರಿ ಗೇಟಿಗೆ ಹೋಗಿದ್ದ. ಸಾಬಣ್ಣ ಅನ್ನುವವ ಇಲ್ಲಿ ಯಾವನೂ ಇಲ್ಲ ಎಂದು ವಾಚ್‌ಮನ್ ಹೇಳಿ ಕಳಿಸಿದ. ಅವನು ಬಂದ ಬಸ್ಸಿಗೇ ತಿರುಗಿ ಹೋದ. ಆ ಹೊತ್ತಿನಲ್ಲಿ ಸಾಬಣ್ಣ ಗೇಟಿನ ಒಳಗೇ ಇದ್ದ. ಬೆವರಿಗೆ ಮೆತ್ತಿಕೊಂಡ ಸಿಮೆಂಟು ಕಣ್ಣ ರೆಪ್ಪೆಯ ಮೇಲೆ ಗಟ್ಟಿಯಾಗುವಷ್ಟು ದುಡಿಯುತ್ತಿದ್ದ.

"ನಿಮ್ಮಣ್ಣನೂ ದುಡದಾನ," ಎಂದಳು ಶಿವಕಾಂತಮ್ಮ. "ಮೊದಲ ಬಿಲ್ಲಾ ತಂದಾಂವ ಯಾಂವ?"

"ದುಡದಾನ, ಯಾರು ಇಲ್ಲ ಅಂದಾರ? ಆದರ ಮಿಷಿನ್ನಿಗೆ ಬೆರಳ ಬೇಕು. ನೌಕರಿ ಬೇಕಂದ್ರ ಅಣ್ಣಗೂ ಎರಡು ಬೆರಳ ಕೊಟ್ಟು ತಗೋ ಅನ್ನು. ನಾ ಕೊಟ್ಟೀನಲ್ಲ."

ಆಡಿ ಮುಗಿಸುವಷ್ಟರಲ್ಲಿ ಜಟ್ಟೆಪ್ಪ ಬಲೆ ಕೆಳಗಿಟ್ಟಿದ್ದ. ಎದ್ದು ನಿಂತು ತಮ್ಮನ ಎಡಗೈಯನ್ನು ಮೊದಲ ಸಲ ನೋಡುತ್ತಿರುವವನಂತೆ ನೋಡಿದ. "ಮುಂಜಾನಿ ನೋಡಾಮು," ಎಂದಷ್ಟೇ ಹೇಳಿ ಮನೆಯ ಹಿಂದಕ್ಕೆ ಹೋದ. ಸ್ವಲ್ಪ ಹೊತ್ತಿಗೆ ಅಲ್ಲಿಂದ ಪರ್ಸಿ ಕಲ್ಲಿನ ಮೇಲೆ ಕೊಡಲಿ ಮಸೆಯುವ ಸದ್ದು ಬಂತು. ಸೌದೆ ಒಡೆಯಲಿಕ್ಕಿರಬೇಕು ಎಂದುಕೊಂಡ ಸಾಬಣ್ಣ. ಸಿಟ್ಟಿಗೆ ರೊಟ್ಟಿ ಮುಟ್ಟದೆ ಗೋಡೆಗೆ ಮುಖ ಮಾಡಿ ಮಲಗಿದ.

ಬೆಳಗ್ಗೆ ಕಣ್ಣು ಬಿಟ್ಟಾಗ ಅಣ್ಣನ ಕೌದಿ ಮಡಚಿಟ್ಟಿತ್ತು. ಬೇಲಿಯ ಮೇಲೆ ಬಿಳಿ ಅಂಗಿ ಇರಲಿಲ್ಲ. ಸಾಬಣ್ಣ ದಡಬಡಿಸಿ ಎದ್ದ. ಕೊಡಲಿ ನಿಲ್ಲಿಸುವ ಮೂಲೆ ಕಣ್ಣಿಗೆ ಬಿತ್ತು. ಮೂಲೆ ಖಾಲಿಯಿತ್ತು.

ಮನೆಯಲ್ಲಿ ಒಡೆಯಲು ಸೌದೆ ಇರಲೇ ಇಲ್ಲ. ಒಲೆಗೆ ವಾರದಿಂದ ಜಾಲಿಯ ಪುರಳೆ, ಕುಳ್ಳು. ಅದು ಈಗ ನೆನಪಾಯಿತು. ಓಡಿ ಹಿಂದಕ್ಕೆ ಹೋದ. ಪರ್ಸಿ ಕಲ್ಲಿನ ಮೇಲೆ ಮಸೆದ ನೀರು ಒಣಗಿ ಬೆಳ್ಳಗೆ ಕಲೆ ನಿಂತಿತ್ತು. ಬೇರೆ ಬಣ್ಣ ಇರಲಿಲ್ಲ. ಕಲ್ಲಿನ ಅಂಚು, ಅದರಡಿಯ ಮಣ್ಣು, ಎಲ್ಲ ಕಡೆ ಕೈಯಾಡಿಸಿ ನೋಡಿದ.

"ವೈನಿ, ಕೊಡ್ಲಿ ಎಲ್ಲದ?"

ಶಿವಕಾಂತಮ್ಮ ಹಿತ್ತಲ ಬಾಗಿಲಲ್ಲಿ ಬಂದು ನಿಂತಳು. ರಾತ್ರಿಯಿಡೀ ಕುಳಿತೇ ಇದ್ದವಳ ಕಣ್ಣು. ಒಳಗೆ ಹೋಗಿ ತಾನು ಕುಳಿತಿದ್ದ ಕೌದಿ ಸರಿಸಿ ಅದರಡಿಯಿಂದ ಕೊಡಲಿ ತೆಗೆದು ಅವನ ಕಾಲ ಬಳಿ ಹಾಕಿದಳು. ಅಲಗು ಬೆಳಕಿಗೆ ಮಿಂಚಿತು.

"ಕೈ ಕಲ್ಲಿನ ಮ್ಯಾಲ ಇಟ್ಟಿದ್ದ," ಎಂದಳು. "ನಾ ಹೋಗಿ ಮೊಳಕೈ ಹಿಡಕೊಂಡು ಜೋತುಬಿದ್ದೆ. ಕಡಿಯೋದು ಬ್ಯಾಡ, ಕಟ್ಟಿ ಕಳಸ್ತೀನಿ ಅಂದೆ."

"ಏನು ಕಟ್ಟಿ?"

"ಎರಡು ಬೆರಳ ಮಡಚಿ ಬಲಿ ದಾರಲೆ ಬಿಗದೀನಿ. ಮ್ಯಾಲ ಅರಬಿ ಸುತ್ತೀನಿ. ಕೇಳಿದರ ಹಳೀ ಗಾಯ ಕೀವು ಹಿಡದದ ಅನ್ನಲಾಕ ಹೇಳೀನಿ." ಅವಳ ದನಿ ಬದಲಾಯಿತು. "ನೀ ಹೋಗಬ್ಯಾಡ ಸಾಬಣ್ಣ. ಕೈ ಮುಗೀತೀನಿ. ಇಬ್ಬರೂ ಒಂದೇ ಕಡಿ ಕಂಡರ ಇಬ್ಬರದೂ ಹೋಗ್ತದ."

ಅಣ್ಣ ಬೆರಳು ಕಡಿದುಕೊಂಡಿಲ್ಲ ಎಂದು ತಿಳಿದ ಕ್ಷಣ ಸಾಬಣ್ಣನ ಎದೆ ಹಗುರಾಯಿತು. ಆ ಹಗುರಾದ ಜಾಗಕ್ಕೇ ಮರುಕ್ಷಣ ಸಿಟ್ಟು ನುಗ್ಗಿತು. ದಾರ! ತಾನು ಮಾಂಸ ಕೊಟ್ಟು ಪಡೆದದ್ದನ್ನು ಇವರು ಬಲೆಯ ದಾರ ಕೊಟ್ಟು ಒಯ್ಯುತ್ತಾರೆ. ಮೈಮೇಲಿದ್ದ ನಿನ್ನೆಯ ಮಾಸಲು ಅಂಗಿಯಲ್ಲೇ, ಮುಖವನ್ನೂ ತೊಳೆಯದೆ ಪೂಲಿನ ಕಡೆ ಓಡಿದ.

ಗೇಟಿನ ಒಳಗೆ ಹಾಜರಿ ಆಫೀಸಿನ ಮುಂದೆ ಮೇಜು ಹಾಕಿದ್ದರು. ಗೋಡೆಗೆ ಬಿಳಿ ದುಪ್ಪಟಿ, ಅದರ ಮುಂದೆ ಒಂದು ಕುರ್ಚಿ. ಪಾಳಿಯಲ್ಲಿ ನಿಂತವರೆಲ್ಲ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬೀಗರ ಮನೆಗೆ ಹೊರಟವರಂತೆ ಕಾಣುತ್ತಿದ್ದರು. ಹೆಣ್ಣು ತೋರಿಸುವುದು ಫೋಟೋದ ಮೊದಲೋ ಆಮೇಲೋ ಎಂದು ಯಾವನೋ ಕೇಳಿ ಎಲ್ಲರನ್ನೂ ನಗಿಸಿದ್ದ. ಸಾಬಣ್ಣ ಏದುಸಿರು ಬಿಡುತ್ತ ಬಂದದ್ದನ್ನು ಕಂಡು ನಗೆ ನಿಂತಿತು. ಎಲ್ಲರಿಗೂ ಗೊತ್ತಿತ್ತು. ಸರಿದು ದಾರಿ ಬಿಟ್ಟರು. ಅವನು ಹೋಗಿ ಅಣ್ಣನ ಬೆನ್ನ ಹಿಂದೆ ನಿಂತ.

ಆಗ ಮೇಜಿನ ಮುಂದೆ ನಿಂತಿದ್ದವನು ಜಟ್ಟೆಪ್ಪನೇ. ಬಿಳಿ ಅಂಗಿ, ಎಡಗೈಗೆ ಶಿವಕಾಂತಮ್ಮನ ಹಳೇ ಸೀರೆಯ ಹಸಿರು ಚೂರು. ತಮ್ಮ ಬಂದದ್ದು ಅವನಿಗೆ ತಿಳಿಯಿತು. ಕತ್ತು ತಿರುಗಲಿಲ್ಲ, ಹೆಗಲು ಮಾತ್ರ ಒಮ್ಮೆ ಬಿಗಿಯಾಯಿತು. ಮೇಜಿನ ಆಚೆ ಹೈದರಾಬಾದಿನಿಂದ ಬಂದ ಕಂಪ್ಯೂಟರಿನ ಹುಡುಗ, ಸಾಬಣ್ಣನಿಗಿಂತ ಸಣ್ಣವ. ಎರಡೂ ಅಂಚಿಗೆ ಸಾಲು ತೂತುಗಳಿದ್ದ ಉದ್ದನೆಯ ಕಾಗದ ಅವನ ಮುಂದೆ ಮಡಿಕೆ ಮಡಿಕೆಯಾಗಿ ಬಿದ್ದಿತ್ತು. ಅವನ ಬಲಗಡೆ ಗುಲಾಮ್ ರಸೂಲ್, ಕಾಲ ನಡುವೆ ಬಿಲ್ಲಾಗಳ ಚೀಲ ಇಟ್ಟುಕೊಂಡು ಗುರುತು ಹೇಳಲು ಕುಳಿತಿದ್ದ.

"ಜಟ್ಟೆಪ್ಪಾ? ಚಾರ್ ಸೌ ಗ್ಯಾರಾ?"

ಜಟ್ಟೆಪ್ಪ ಕಟ್ಟಿದ ಕೈ ಎತ್ತಿ ತೋರಿಸಿದ. ಏನಾಗಿದೆ ಎಂದು ಹುಡುಗ ಹಿಂದಿಯಲ್ಲಿ ಕೇಳಿದ. ಹಳೆಯ ಗಾಯ, ಕೀವು ಹಿಡಿದಿದೆ ಎಂದ ಜಟ್ಟೆಪ್ಪ, ಹೆಂಡತಿ ಕಲಿಸಿದ ಮಾತಿನಲ್ಲೇ. ಗುಲಾಮ್ ರಸೂಲ್ ಚೀಲದೊಳಗೆ ನೋಡುತ್ತ ಕುಳಿತ. ಹುಡುಗ ಮೂಗು ಸಿಂಡರಿಸಿದ. ಬೆಳಗಿನಿಂದ ಮಾಡಿ ಮಾಡಿ ಬೇಸತ್ತಿದ್ದ. ಹೋಗಲಿ ಎನ್ನುವಂತೆ ಪೆನ್ಸಿಲ್ ಎತ್ತಿ ಕಾಗದದ ಒಂದು ಸಾಲಿನ ಮುಂದೆ ಗುರುತು ಹಾಕಲು ಬಗ್ಗಿದ.

ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಣ್ಣ ಜಟ್ಟೆಪ್ಪನಾಗಿಯೇ ಉಳಿಯುತ್ತಿದ್ದ. ಸಾಬಣ್ಣ ಅನ್ನುವವ ಇಲ್ಲಿ ಯಾವನೂ ಇಲ್ಲ ಎಂದು ಗೇಟಿನವ ಹೇಳಿದ್ದು ಖರೆಯಾಗುತ್ತಿತ್ತು. ಸಾಬಣ್ಣ ಇದನ್ನೆಲ್ಲ ಎಣಿಸಲಿಲ್ಲ. ಪೆನ್ಸಿಲಿನ ಮೊನೆ ಕೆಳಗಿಳಿಯುತ್ತಿರುವುದೊಂದೇ ಅವನಿಗೆ ಕಾಣುತ್ತಿತ್ತು. ಅವನ ಎಡಗೈ ಅಣ್ಣನ ಸೊಂಟದ ಪಕ್ಕದಿಂದ ತೂರಿ ಬಂದು, ಕಿಂಡಿಯೊಳಗೆ ಇಡುತ್ತಿದ್ದ ಹಾಗೆಯೇ, ಆ ಕಾಗದದ ಮೇಲೆ ಅಂಗಾತ ಬಿತ್ತು.

ಪೆನ್ಸಿಲ್ ಗಾಳಿಯಲ್ಲೇ ನಿಂತಿತು. ಹುಡುಗ ಮೊಂಡು ಬೆರಳುಗಳನ್ನು ನೋಡಿದ, ಹಸಿರು ಪಟ್ಟಿಯನ್ನು ನೋಡಿದ, ಮತ್ತೆ ಕಾಗದ ನೋಡಿದ. ಇಬ್ಬರಲ್ಲಿ ಜಟ್ಟೆಪ್ಪ ಯಾರು ಎಂದು ಗುಲಾಮ್ ರಸೂಲನನ್ನು ಕೇಳಿದ. ತಾನು ಇಷ್ಟು ವರ್ಷ ನೋಡಿದ್ದು ಕೈಗಳನ್ನು, ಮುಖಗಳನ್ನಲ್ಲ ಎಂದು ಮುದುಕ ತನ್ನ ದಖನಿಯಲ್ಲಿ ತಡವರಿಸಿದ. ಹುಡುಗನ ದನಿ ಗಡುಸಾಯಿತು.

"ಪಟ್ಟಿ ಖೋಲೋ."

ಜಟ್ಟೆಪ್ಪ ಕೈಯನ್ನು ಎದೆಗೆ ಒತ್ತಿಕೊಂಡ. ಬಟ್ಟೆ ಬಿಚ್ಚಿದರೆ ಹತ್ತು ಬೆರಳು, ಹತ್ತು ಬೆರಳಿದ್ದರೆ ಒಂದೇ ಹೆಸರಿಗೆ ಇಬ್ಬರು ಕಳ್ಳರು. ಅಷ್ಟೇ ಅಲ್ಲ, ಆ ದಾರ ಹಿಡಿದು ಎಳೆದರೆ ಪಾಳಿಯಲ್ಲಿ ಇನ್ನೆಷ್ಟು ಮಂದಿ ಬಲೆಯೊಳಗಿಂದ ಹೊರಗೆ ಬೀಳುತ್ತಾರೋ. ಸಾಬಣ್ಣ ಕೈ ಹಿಂದೆಗೆದುಕೊಳ್ಳಬೇಕೆಂದರೂ ಕೈ ಏಳಲಿಲ್ಲ.

"ಬಿಚ್ಚೋದು ಬ್ಯಾಡ್ರಿ," ಎಂದ ಜಟ್ಟೆಪ್ಪ. ದನಿ ಹೊಳೆಯ ನಡುವೆ ಮಂದಿಗೆ ಅಲುಗಾಡಬೇಡಿರೆಂದು ಹೇಳುತ್ತಿದ್ದಾಗಿನಷ್ಟೇ ಸಮವಾಗಿತ್ತು. "ಜಟ್ಟೆಪ್ಪ ಇಂವ. ನಮ್ಮಣ್ಣ. ನಾ ಅವನ ತಮ್ಮ, ಸಾಬಣ್ಣ. ಅಣ್ಣ ಬರೋದು ತಡ ಆತಂತ ಅವನ ಪಾಳಿ ಹಿಡದು ನಿಂತಿದ್ದೆ."

ಗುಲಾಮ್ ರಸೂಲ್ ಒಂದು ಅಕ್ಷರವನ್ನೂ ಬಿಡದೆ ಅದನ್ನು ಹಿಂದಿಗೆ ತಿರುಗಿಸಿ ಹೇಳಿದ. ಹುಡುಗ ಬೈದ. ಮೊದಲೇ ಹೇಳಲಿಕ್ಕೇನು, ಇವರಿಗೆಲ್ಲ ತಲೆ ಇದೆಯೋ ಇಲ್ಲವೋ ಎಂದ. ತಮ್ಮನ ತಲೆ ಅಣ್ಣನಿಗಿಂತ ಮೊದಲೇ ಬೆಳ್ಳಗಾಗಿದೆ ನೋಡಿರಿ ಎಂದು ಹಿಂದೆ ಯಾರೋ ಪಿಸುಗುಟ್ಟಿದರು. ಯಾರೂ ನಗಲಿಲ್ಲ. ಪೆನ್ಸಿಲ್ ಇಳಿದು ಗುರುತು ಹಾಕಿತು.

ಸಾಬಣ್ಣ ಕುರ್ಚಿಗೆ ಹೋಗುವಾಗ ಫೋಟೋದವ ತಡೆದ. ಇಂಥ ಹೊಲಸು ಅಂಗಿಯಲ್ಲಿ ಫೋಟೋ ತೆಗೆಯುವುದಿಲ್ಲವೆಂದ. ಜಟ್ಟೆಪ್ಪ ಮುಂದೆ ಬಂದು ತನ್ನ ಅಂಗಿಯ ಗುಂಡಿಗೆ ಕೈ ಹಾಕಿದ. ಒಂದೇ ಕೈಯಲ್ಲಿ ಗುಂಡಿ ಬಿಚ್ಚಲು ಬರಲಿಲ್ಲ. ಸಾಬಣ್ಣ ತನ್ನ ಬಲಗೈಯಿಂದ ಅಂಗಿಯ ಅಂಚು ಹಿಡಿದ, ಅಣ್ಣ ತನ್ನ ಬಲಗೈಯಿಂದ ಗುಂಡಿ ತೂರಿಸಿದ. ಹೀಗೆ ಒಂದೊಂದೇ ಗುಂಡಿ, ಕೊರಳಿನಿಂದ ಹೊಟ್ಟೆಯವರೆಗೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಂಗಿ ಮೈಮೇಲೆ ಬಂದಾಗ ಇನ್ನೂ ಬೆಚ್ಚಗಿತ್ತು. ಎದೆಯ ಬಳಿ ಕೈ ಒತ್ತಿಕೊಂಡಿದ್ದ ಜಾಗದಲ್ಲಿ ಬೆವರಿನ ಒದ್ದೆ.

ಗದ್ದದ ಕೆಳಗೆ ನಾನೂರ ಹನ್ನೊಂದು ಎಂದು ಬರೆದ ಸ್ಲೇಟು ಹಿಡಿಸಿದರು. ಕಣ್ಣು ಕುಕ್ಕುವ ಬೆಳಕು ಹಾರಿತು. ಎರಡು ಬೆರಳಿಲ್ಲದ ಕೈ ಸ್ಲೇಟಿನ ಅಂಚಿನಲ್ಲಿ ಫೋಟೋದಲ್ಲಿ ಬಂತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

"ಜಟ್ಟೆಪ್ಪ," ಎಂದ ಗುಲಾಮ್ ರಸೂಲ್. ಇಷ್ಟು ವರ್ಷಗಳಲ್ಲಿ ಆ ಹೆಸರಿನಿಂದ ಅವನನ್ನು ಮುಖ ನೋಡಿ ಕರೆದದ್ದು ಅದೇ ಮೊದಲು. "ಹೊತ್ತಾಗ್ಯದ. ಕೆಲಸಕ್ಕ ಹೋಗು."

"ಹ್ಞೂಂ ರಿ."

ಅವನು ಕೆಲಸಕ್ಕೆ ಹೋಗಲಿಲ್ಲ, ಗೇಟಿನ ಹೊರಗೆ ಬಂದ. ರಸ್ತೆಯ ಆಚೆ ಲಾರಿಗೆ ಕಾಯುತ್ತಿದ್ದ ಪರ್ಸಿಯ ರಾಶಿಯ ಮೇಲೆ ಜಟ್ಟೆಪ್ಪ ಬನಿಯನ್ನಿನಲ್ಲಿ ಕುಳಿತಿದ್ದ. ಹಸಿರು ಚೂರು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದ. ದಾರದ ಗಂಟು ಮಾತ್ರ ಬಿಚ್ಚಿರಲಿಲ್ಲ. ಶಿವಕಾಂತಮ್ಮ ಅದಕ್ಕೆ ನೀರಿನಲ್ಲಿ ಜಾರದ ಹಾಗೆ, ಬಲೆಗೆ ಹಾಕುವ ಗಂಟನ್ನೇ ಹಾಕಿದ್ದಳು.

ಸಾಬಣ್ಣ ಅವನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ. ಅಣ್ಣನ ಕೈಯನ್ನು ಎಳೆದುಕೊಂಡು ಗಂಟಿಗೆ ಹಲ್ಲು ಹಾಕಿದ. ದಾರ ಹರಿಯಿತು. ಅದು ಕೂತಿದ್ದ ಜಾಗದಲ್ಲಿ ಚರ್ಮ ತಗ್ಗು ಬಿದ್ದು ಕಪ್ಪಗಾಗಿತ್ತು. ಬೆರಳು ಎರಡೂ ತಣ್ಣಗಿದ್ದವು.

"ಫೋಟೋ ಛಲೋ ಬಂತೇನು?" ಎಂದು ಕೇಳಿದ ಜಟ್ಟೆಪ್ಪ.

ಅಷ್ಟರಲ್ಲಿ ಪಾಳಿಯ ಭೋಂಗಾ ಕೂಗಿತು. ಈ ವಾರ ತನ್ನದೆಂಬ ರೂಢಿಯಲ್ಲಿ ಜಟ್ಟೆಪ್ಪ ಅರ್ಧ ಎದ್ದು ಮತ್ತೆ ಕಲ್ಲಿನ ಮೇಲೆ ಕುಳಿತ. ಸಾಬಣ್ಣ ಆ ಎರಡು ಬೆರಳುಗಳನ್ನು ತನ್ನ ಮೂರು ಬೆರಳಿನ ಕೈಯಲ್ಲಿ ಹಿಡಿದು ತಿಕ್ಕತೊಡಗಿದ. ಭೋಂಗಾ ನಿಂತ ಮೇಲೂ ತಿಕ್ಕುತ್ತಿದ್ದ. ಕಿರುಬೆರಳು ಮೆಲ್ಲಗೆ ಬಿಚ್ಚಿಕೊಂಡಿತು. ಇನ್ನೊಂದು ಮಡಚಿಕೊಂಡೇ ಇತ್ತು.